ಕೂಲಂಟ್ ಸೋರ್ತಿದ್ಯಾ? ಮುಚ್ಚೋಕೆ ಮುಂಚೆ ಹುಡುಕಿ

ನಮ್ಮ ಪ್ರಾಜೆಕ್ಟ್ ಕಾರು ಹಳೇ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ ಇಂಜಿನ್. ಓಡಿಸಿ ನಿಲ್ಲಿಸಿದಾಗೆಲ್ಲ ಕೆಳಗೆ ಹಸಿರು ಹನಿ. "ಎಂ-ಸೀಲ್ ಹಚ್ಚಿಬಿಡ್ರೋ" ಅನ್ನೋದು ವರ್ಕ್‌ಶಾಪ್‌ನಲ್ಲಿ ಸಿಗೋ ಮೊದಲ ಸಲಹೆ. ಯಾಕೆ ಹಚ್ಚಬಾರದು ಅನ್ನೋದೇ ಈ ಪಾಠ.

ಮೊದಲು ಸ್ವಲ್ಪ ಥರ್ಮೋ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ರೇಡಿಯೇಟರ್ ಕ್ಯಾಪ್ 0.9 ಬಾರ್ ಒತ್ತಡ ಹಿಡಿದಿಟ್ಟರೆ ಅದೇ ನೀರು 117ರ ಹತ್ತಿರ ಬರೋವರೆಗೂ ಕುದಿಯಲ್ಲ. ಅಂದ್ರೆ ಸೋರಿಕೆಯಲ್ಲಿ ಹೋಗೋದು ಬರೀ ನೀರಲ್ಲ, ಈ 20 ಡಿಗ್ರಿ ಕೂಡ. ಆಮೇಲೆ ಇಂಜಿನ್ ಕಾದು ಹೆಡ್ ಸೊಟ್ಟಗಾದರೆ ಹೆಡ್ ಗ್ಯಾಸ್ಕೆಟ್ಟೂ ಹೋಗುತ್ತೆ. ಬಿಸಿ ಇಂಜಿನ್‌ನ ಕ್ಯಾಪ್ ತೆಗೀಬಾರದು ಅನ್ನೋದೂ ಇದಕ್ಕೇ: ಒತ್ತಡ ಇಳಿದ ತಕ್ಷಣ ನೀರು ಕುದಿದು ಮುಖಕ್ಕೆ ಚಿಮ್ಮುತ್ತೆ.

ಹುಡುಕೋದು ಹೀಗೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ಜಾಗಕ್ಕೆ ಪ್ರೆಶರ್ ಟೆಸ್ಟರ್ ಕೂರಿಸಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಡಿ. ಹತ್ತು ನಿಮಿಷ ಮುಳ್ಳು ನೋಡಿ. ಮುಳ್ಳು ಇಳೀತಿದ್ದರೆ ಟಾರ್ಚ್ ಹಿಡಿದು ಹನಿಯಿಂದ ಮೇಲಕ್ಕೆ ಜಾಡು ಹಿಡೀರಿ. ಮುಳ್ಳು ಇಳಿದರೂ ಹೊರಗೆಲ್ಲೂ ಹನಿ ಇಲ್ಲ, ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಇದೆ ಅಂದ್ರೆ ಸೋರಿಕೆ ಒಳಗಡೆ. ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ನಮ್ಮಲ್ಲಿ ಹೋಸ್, ಕ್ಲಾಂಪ್, ರೇಡಿಯೇಟರ್ ಎಲ್ಲಾ ಒಣಗಿದ್ವು. ಹನಿ ಬರ್ತಿದ್ದದ್ದು ವಾಟರ್ ಪಂಪ್‌ನ ವೀಪ್ ಹೋಲ್‌ನಿಂದ. ಪಂಪ್‌ನ ಸೀಲ್‌ಗೂ ಬೇರಿಂಗ್‌ಗೂ ಮಧ್ಯೆ ಬೇಕಂತಲೇ ಬಿಟ್ಟಿರೋ ತೂತು ಅದು. ಸೀಲ್ ಸವೆದರೆ ಕೂಲಂಟ್ ಅಲ್ಲಿಂದ ಹೊರಗೆ ಬಂದು ಸುದ್ದಿ ಹೇಳುತ್ತೆ. ಅದನ್ನ ಮುಚ್ಚಿದ್ರೆ ಕೂಲಂಟ್ ಬೇರಿಂಗ್‌ಗೆ ನುಗ್ಗಿ ಗ್ರೀಸ್ ತೊಳೆದುಹಾಕುತ್ತೆ. ಕೊನೆಗೆ ಪಂಪೇ ಜಾಮ್.

ಹಾಗಾಗಿ ಪಂಪ್ ಬದಲಾಯಿಸಿದ್ವಿ. ಹಳೇ ಕೂಲಂಟನ್ನ ಟ್ರೇನಲ್ಲಿ ಹಿಡಿದು ಮುಚ್ಚಿಟ್ವಿ. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ಕ್ಯಾಂಪಸ್ ನಾಯಿಗಳು ನೆಕ್ಕಿಬಿಡ್ತಾವೆ. ಹಳೇ ಗ್ಯಾಸ್ಕೆಟನ್ನ ಲೋಹಕ್ಕೆ ಗೀರು ಬೀಳದ ಹಾಗೆ ಕೆರೆದು ತೆಗೆದು, ಹೊಸದು ಹಾಕಿ, ಬೋಲ್ಟ್‌ಗಳನ್ನ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದ್ವಿ. ಕೂಲಂಟೂ ಡಿಸ್ಟಿಲ್ಡ್ ವಾಟರೂ ಅರ್ಧರ್ಧ ಬೆರೆಸಿ ತುಂಬಿದ್ವಿ. ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆದುಕೊಂಡು ಗುಳ್ಳೆ ನಿಲ್ಲೋವರೆಗೆ ಐಡಲ್‌ನಲ್ಲಿ ಬಿಟ್ವಿ. ಒಳಗೆ ಗಾಳಿ ಉಳಿದರೆ ಆ ಜಾಗ ತಣ್ಣಗಾಗಲ್ಲ.

ಮಾರನೇ ದಿನ ತಣ್ಣಗಿನ ಇಂಜಿನ್ ಮೇಲೆ ಮತ್ತೆ 0.9 ಬಾರ್ ಕೊಟ್ಟು ನೋಡಿದ್ವಿ. ಹತ್ತು ನಿಮಿಷ, ಮುಳ್ಳು ಅಲ್ಲಾಡಲಿಲ್ಲ. ಈ ಎರಡನೇ ಟೆಸ್ಟ್ ಆಗೋವರೆಗೂ ರಿಪೇರಿ ಮುಗೀತು ಅಂತ ಬರ್ಕೋಬೇಡಿ.