ತುರ್ತು ಚಿಕಿತ್ಸೆ ಮತ್ತು ನಮ್ಮ ಹಳ್ಳಿ

ಈ ಸಲದ ಆರೋಗ್ಯ ಪಾಠದಲ್ಲಿ ತುರ್ತು ಚಿಕಿತ್ಸೆಯ ಬಗ್ಗೆ ತಿಳಿಯೋಣ.

ಹೃದಯಾಘಾತ ಅಂದ್ರೆ ಏನು? ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತದೆ. ಆ ಹೊತ್ತಿನಿಂದಲೇ ಹೃದಯದ ಸ್ನಾಯು ಸಾಯತೊಡಗುತ್ತದೆ. ನಾಳ ತೆರೆಯುವ ಆಂಜಿಯೋಪ್ಲಾಸ್ಟಿಗೆ ಕ್ಯಾಥ್ ಲ್ಯಾಬ್ ಬೇಕು, ಹಗಲು ರಾತ್ರಿ ಹೃದಯತಜ್ಞರು ಬೇಕು. ಇದನ್ನೆಲ್ಲ ಊರೂರಿಗೆ ಇಡೋದು ಕಷ್ಟ. ಹೆಚ್ಚು ರೋಗಿಗಳು ಬರುವ ಕಡೆ ವೈದ್ಯರ ಕೈಯೂ ಪಳಗಿರುತ್ತದೆ. ಹಾಗಾಗಿ ಇಂಥ ಚಿಕಿತ್ಸೆ ದೊಡ್ಡ ಪಟ್ಟಣಗಳಲ್ಲೇ ಸೇರಿಕೊಂಡಿದೆ. ಅದು ತಪ್ಪು ಅನ್ನಲಾಗದು. ಆದ್ರೆ ದಾರಿಯಲ್ಲಿ ಕಳೆಯುವ ಹೊತ್ತು ಹಳ್ಳಿಯವರದು.

ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. ಗಂಭೀರ ರೋಗಿಗಳನ್ನು ಕರಾವಳಿಯವರು ಮಣಿಪಾಲ, ಮಂಗಳೂರಿಗೆ ಒಯ್ಯುತ್ತಾರೆ. ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕಾರವಾರದ ಕಡೆಯವರು ಗೋವಾಕ್ಕೂ ಹೋಗುತ್ತಾರೆ. ಹೊನ್ನಾವರದಿಂದ ಮಣಿಪಾಲ ನೂರು ಕಿ.ಮೀ. ಮೀರುತ್ತದೆ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ತಾಲೂಕಿನ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ತೀರಿಕೊಂಡರು. ಆಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾಯಿತು.

ಜೊತೆಗೆ ಹೋದವರ ಕೂಲಿಯೂ ಹೋಗುತ್ತದೆ. ಊಟ, ಲಾಡ್ಜಿನ ಖರ್ಚು ಬೇರೆ. ಮನೆಯಲ್ಲಿ ದನಕರು ನೋಡುವವರಿಲ್ಲ. ಅದಕ್ಕೇ ಎಷ್ಟೋ ಜನ ಎದೆನೋವನ್ನು ಗ್ಯಾಸ್ಟ್ರಿಕ್ ಅಂದ್ಕೊಂಡು ಸೋಡಾ ಕುಡಿದು, "ಬೆಳಗಾಗಲಿ, ನೋಡೋಣ" ಅಂತ ಮಲಗಿಬಿಡುತ್ತಾರೆ.

2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿತು. ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅದನ್ನು ನೋಡಿ ಹೃದಯಾಘಾತವೆಂದರೆ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ದೊಡ್ಡಾಸ್ಪತ್ರೆಗೆ ಕಳಿಸೋದು ಆಮೇಲೆ. ರೋಗಿ ದಾರಿಯಲ್ಲಿರುವಾಗಲೇ ಔಷಧಿ ಕೆಲಸ ಮಾಡುತ್ತಿರುತ್ತದೆ. ನನಗೆ ಇದು ಬಹಳ ಒಳ್ಳೆಯ ಉಪಾಯ ಅನ್ನಿಸಿತು.

ಲಕ್ವ ಹೊಡೆದರೆ ಇಷ್ಟು ಸುಲಭ ಇಲ್ಲ. ಮಿದುಳಿನಲ್ಲಿ ರಕ್ತ ಹೆಪ್ಪಾಗಿದೆಯೋ, ಸೋರಿದೆಯೋ ಅಂತ ಸ್ಕ್ಯಾನ್ ಮಾಡದೆ ತಿಳಿಯದು. ಸೋರಿದವರಿಗೆ ಈ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹೆಪ್ಪಾಗಿದ್ದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದ್ದರಿಂದ ಮನೆಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಕೂಡಲೇ ಗಡಿಯಾರ ನೋಡಿ ಹೊತ್ತು ಬರೆದಿಟ್ಟು 108ಕ್ಕೆ ಫೋನ್ ಮಾಡಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತಲೂ ಕೇಳಿ. ಇಲ್ಲದ ಕಡೆ ಹೋಗಿ, ಮತ್ತೆ ಅಲ್ಲಿಂದ ಹೊರಟರೆ ಆ ನಾಲ್ಕೂವರೆ ಗಂಟೆ ದಾರಿಯಲ್ಲೇ ಮುಗಿದೀತು.