ಸಂಕಲ್ಪವೊಂದು, ಕರ್ಮವೊಂದು

ಮಾರ್ಚ್ ತಿಂಗಳು ಬಂತೆಂದರೆ ಬ್ಯಾಂಕು, ಲೆಕ್ಕಪತ್ರ, ತೆರಿಗೆ ಮುಂತಾದ ವಿಭಾಗಗಳಲ್ಲಿ ದುಡಿಯುವ ನಮ್ಮ ಭಕ್ತಬಾಂಧವರಿಗೆ ಬಿಡುವೆಂಬುದಿಲ್ಲ. 15ನೇ ತಾರೀಖಿಗೆ ಮುಂಗಡ ತೆರಿಗೆಯ ಕೊನೆಯ ಕಂತು, 31ಕ್ಕೆ ವರ್ಷಾಂತ್ಯದ ಲೆಕ್ಕ. ಇವುಗಳ ನಡುವೆಯೇ ಮಕ್ಕಳ ಪರೀಕ್ಷೆ, ಯುಗಾದಿಯ ಸಿದ್ಧತೆ. ಒಂದು ಕಡತವನ್ನು ತೆರೆದರೆ ಮತ್ತೊಂದರ ನೆನಪು, ಅದನ್ನು ಕೈಗೆತ್ತಿಕೊಂಡರೆ ಮೂರನೆಯದರ ಭಯ. ಸಂಜೆಯ ವೇಳೆಗೆ ದೇಹ ದಣಿದಿರುತ್ತದೆ, ಕೆಲಸ ಮಾತ್ರ ಮುಗಿದಿರುವುದಿಲ್ಲ.

ಇಂತಹ ದಿನಗಳಲ್ಲಿ ನಾವು ಮೊದಲು ಕೈಬಿಡುವುದು ಸಂಧ್ಯಾವಂದನೆಯನ್ನು. ಒಂದು ವರ್ಷ ನಾವೂ ಹಾಗೆಯೇ ಮಾಡಿದೆವು. ಲೆಕ್ಕ ಮುಗಿಯಲಿ, ಆಮೇಲೆ ನೋಡೋಣವೆಂದುಕೊಂಡೆವು. ಲೆಕ್ಕವು ಏಪ್ರಿಲ್ ತಿಂಗಳಿನಲ್ಲಿ ಮುಗಿಯಿತು. ಮತ್ತೆ ಆಚಮನಕ್ಕೆ ಕುಳಿತುಕೊಳ್ಳುವುದಕ್ಕೆ ಚಾತುರ್ಮಾಸ್ಯವೇ ಬರಬೇಕಾಯಿತು. ಬಿಟ್ಟದ್ದರಿಂದ ಉಳಿದ ಕಾಲವು ಕಚೇರಿಯ ಕೆಲಸಕ್ಕೂ ಒದಗಿರಲಿಲ್ಲ. ಚಿತ್ತವನ್ನು ಒಂದೆಡೆ ನಿಲ್ಲಿಸುವ ಉಪಾಯವು ನಾವು ಬಿಟ್ಟ ಆ ಕರ್ಮದಲ್ಲಿಯೇ ಇತ್ತೆಂಬುದು ತಡವಾಗಿ ತಿಳಿಯಿತು. ಅದನ್ನೇ ಈ ತಿಂಗಳ ಪಾಠವಾಗಿ ವಿಚಾರಿಸೋಣ.

ಯಾವ ವೈದಿಕ ಕರ್ಮವಾದರೂ ಸಂಕಲ್ಪದಿಂದ ಆರಂಭವಾಗುತ್ತದೆ. ಅದರಲ್ಲಿ ದೇಶ, ಕಾಲಗಳೆರಡನ್ನೂ ಹೇಳುತ್ತೇವೆ. ದೆಹಲಿಯಲ್ಲಿ ನೆಲೆಸಿದವರು ಗೋದಾವರಿಯ ದಕ್ಷಿಣತೀರವೆಂದು ಹೇಳುವಂತಿಲ್ಲ. ತಾವಿರುವ ನೆಲವನ್ನೇ ಹೇಳಬೇಕು. ಅನಂತರ, ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯ ಪ್ರೇರಣೆಯಿಂದ, ಅವನ ಪ್ರೀತಿಗಾಗಿ, ಈ ಕರ್ಮವನ್ನು ಮಾಡುವೆನೆಂಬ ನಿಶ್ಚಯ. ಎಲ್ಲಿರುವೆನು, ಯಾವ ಹೊತ್ತು, ಯಾರ ಪ್ರೇರಣೆ, ಯಾವ ಕಾರ್ಯ ಎಂಬ ನಾಲ್ಕಕ್ಕೂ ಇಲ್ಲಿ ಉತ್ತರವಿದೆ. ಪ್ರಾತಃಸಂಧ್ಯೆಗೆ ಸಂಕಲ್ಪಿಸಿದವನು ಆಗ ಮಾಧ್ಯಾಹ್ನಿಕವನ್ನು ಮಾಡುವುದಿಲ್ಲ. ಕಚೇರಿಯ ಮೇಜಿನ ಮುಂದೆಯೂ ಕ್ಷಣಕಾಲ ಕಣ್ಣುಮುಚ್ಚಿ, ಮುಂದಿನ ಒಂದು ಗಂಟೆ ಈ ಒಂದು ಕಡತವೆಂದು ಮನಸ್ಸಿನಲ್ಲಿ ನಿಶ್ಚಯಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಉಳಿದ ಕೆಲಸಗಳನ್ನು ಚೀಟಿಯಲ್ಲಿ ಬರೆದಿಟ್ಟರೆ ಅವುಗಳನ್ನು ತಲೆಯಲ್ಲಿ ಹೊರಬೇಕಾಗಿಲ್ಲ. ಮೊಬೈಲ್ ಅಷ್ಟು ಹೊತ್ತು ಚೀಲದೊಳಗಿರಲಿ.

ಹೊರೆ ಭಾರವೆನಿಸುವುದಕ್ಕೆ ಇನ್ನೊಂದು ಕಾರಣವುಂಟು. ಎಲ್ಲವೂ ನನ್ನೊಬ್ಬನಿಂದಲೇ ಆಗಬೇಕೆಂಬ ಭಾವನೆ ಅದು. ಗೀತೆಯ 18ನೇ ಅಧ್ಯಾಯವು ಕರ್ಮಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವವೆಂದು ಐದು ಕಾರಣಗಳನ್ನು ಹೇಳುತ್ತದೆ. ನಮ್ಮ ಪರಿಶ್ರಮವು ಬೇಕು, ಅದೊಂದೇ ಸಾಕಾಗುವುದಿಲ್ಲ. ಹಾಗೆಂದು ಎಲ್ಲವನ್ನೂ ಹರಿಯೇ ಮಾಡಿಸಲಿ ಎಂದು ಕೈಕಟ್ಟಿ ಕುಳಿತುಕೊಳ್ಳುವುದು ಆಚಾರ್ಯರ ಸಿದ್ಧಾಂತವಲ್ಲ. ಜೀವನಿಗೆ ಕರ್ತೃತ್ವವು ಸತ್ಯವಾಗಿಯೂ ಇದೆ; ಅದು ಪರಮಾತ್ಮನ ಅಧೀನವಾಗಿದೆ. ಆದುದರಿಂದ ವಿಹಿತವಾದುದನ್ನು ಶ್ರದ್ಧೆಯಿಂದ ಮಾಡುವ ಹೊಣೆ ನಮ್ಮದು; ಫಲದ ಚಿಂತೆಯಿಂದ ರಾತ್ರಿಯ ನಿದ್ರೆ ಕೆಡಿಸಿಕೊಳ್ಳುವ ಹೊಣೆ ನಮ್ಮದಲ್ಲ. ಶಕ್ತಿಗೆ ಮೀರಿದ ಕೆಲಸ ಬಂದಾಗ ಮೇಲಧಿಕಾರಿಗಳಿಗೆ ವಿನಯದಿಂದ ಮುಂಚಿತವಾಗಿಯೇ ತಿಳಿಸುವುದೂ ವಿಹಿತವೇ.

ವೇಳೆ ಮೀರಿಹೋದರೆ? ಶಾಸ್ತ್ರವು ಅದನ್ನೂ ಯೋಚಿಸಿದೆ. ಸಂಧ್ಯಾಕಾಲವು ಮೀರಿದಾಗ ಪ್ರಾಯಶ್ಚಿತ್ತಾರ್ಘ್ಯವೊಂದನ್ನು ಕೊಟ್ಟು ಕರ್ಮವನ್ನು ಮುಂದುವರಿಸುತ್ತೇವೆ. ತಡವಾಯಿತೆಂದು ಕರ್ಮವನ್ನೇ ಬಿಡುವುದಿಲ್ಲ, ಅಳುತ್ತ ಕೂರುವುದೂ ಇಲ್ಲ. ತಪ್ಪನ್ನು ಒಪ್ಪಿ, ಒಂದು ಅರ್ಘ್ಯ, ಬಳಿಕ ಮುಂದಿನ ಹೆಜ್ಜೆ. ಕಚೇರಿಯಲ್ಲಿ ತಪ್ಪಿದ ಗಡುವಿಗೂ ಇದೇ ನ್ಯಾಯ. ಹಾಗೆಯೇ ಅವಸರದ ದಿನ ಗಾಯತ್ರಿಯನ್ನು 108 ಸಲ ಜಪಿಸಲಾಗದಿದ್ದರೆ 28, ಅದೂ ಆಗದಿದ್ದರೆ 10 ಎಂದು ಹಿರಿಯರು ಅವಕಾಶ ಕೊಟ್ಟಿದ್ದಾರೆ. ಕಡಿಮೆಯಾಗಬಹುದು, ಬಿಟ್ಟುಹೋಗಬಾರದು.

ಉದ್ಯೋಗಕ್ಕೂ ಹೋಗಿ ಮನೆಯನ್ನೂ ನಡೆಸುವ ನಮ್ಮ ಸೋದರಿಯರ ಹೊರೆ ಇಮ್ಮಡಿಯಾದುದು. ದೇವರ ಮುಂದೆ ದೀಪ ಹಚ್ಚುವ ಎರಡು ನಿಮಿಷ ಅವರಿಗೆ ಸಂಕಲ್ಪದ ಕಾಲವಾಗಲಿ. ಆ ಹೊತ್ತಿನಲ್ಲಿ ಅಡುಗೆಮನೆಯ ಕೆಲಸವನ್ನು ಮನೆಯ ಗಂಡಸರು ನೋಡಿಕೊಳ್ಳಲಿ.

ಸಂಕಲ್ಪದಿಂದ ತೊಡಗಿದ್ದನ್ನು ಸಮರ್ಪಣೆಯಿಂದ ಮುಗಿಸಬೇಕು. ಕಚೇರಿಯಿಂದ ಹೊರಡುವಾಗ ಅಂದು ಮಾಡಿದ್ದನ್ನು, ಮಾಡಲಾಗದೆ ಉಳಿದದ್ದನ್ನು ಮನಸ್ಸಿನಲ್ಲಿಯೇ ಶ್ರೀಕೃಷ್ಣನಿಗೆ ಒಪ್ಪಿಸೋಣ. ಹಾಗೆ ಒಪ್ಪಿಸಿ ಬಂದವನ ತಲೆಯ ಮೇಲೆ ಕಡತಗಳಿರುವುದಿಲ್ಲ. ಬಾಗಿಲು ತೆರೆಯುವ ಮಗುವಿನ ಮಾತು ಅವನ ಕಿವಿಗೆ ಬೀಳುತ್ತದೆ. ಬರುವ ಮಾರ್ಚ್ ತಿಂಗಳಿನಲ್ಲಿ ನಾವೆಲ್ಲರೂ ಇದನ್ನು ಆಚರಿಸಿ ನೋಡೋಣ.

ಶ್ರೀಕೃಷ್ಣಾರ್ಪಣಮಸ್ತು.