ಮನೆ ಗಾಡಿಗೆ ಟ್ರೈಲರ್ ಕೊಂಡಿ: ಕೆಡಿಸಿಕೊಂಡು ಕಲಿತ ಪಾಠ

ನಮ್ಮದು ಪಾವಗಡ ಕಡೆಯ ಮಳೆಯಾಶ್ರಿತ ಜಮೀನು. ಶೇಂಗಾ, ತೊಗರಿ, ಬದುವಿನ ಮೇಲೆ ಹುಣಸೆ. ಎತ್ತು ಮಾರಿ ಬಹಳ ವರ್ಷ ಆಯ್ತು. ಟ್ರ್ಯಾಕ್ಟರ್ ಕೊಳ್ಳುವ ಶಕ್ತಿ ಇಲ್ಲ. ಇರುವುದು ಸಂಸಾರಕ್ಕೆ ಅಂತ ಕೊಂಡ ಒಂದು ಹಳೇ ಬೊಲೆರೊ. ಮದುವೆಗೂ ಅದೇ, ಆಸ್ಪತ್ರೆಗೂ ಅದೇ.

2016ರಲ್ಲಿ ಮಳೆ ಕೈಕೊಟ್ಟಿತು. 2017ರ ಬೇಸಿಗೆಯಲ್ಲಿ ಹುಣಸೆ ಸಸಿಗಳು ಒಣಗೋಕೆ ಶುರುವಾದವು. ತಲೆ ಮೇಲೆ ನೀರು ಹೊತ್ತು ಎಷ್ಟು ದಿನ ಉಳಿಸೋದು? ಗುಜರಿಯಲ್ಲಿ ಸಿಕ್ಕಿದ ಜೀಪಿನ ಆಕ್ಸಲ್ಲಿಗೆ ಚೌಕಟ್ಟು ಕೂರಿಸಿ ಎರಡು ಚಕ್ರದ ಟ್ರೈಲರ್ ಮಾಡಿಸಿದೆ. ಮೇಲೆ 500 ಲೀಟರ್ ಟ್ಯಾಂಕು. ಬೊಲೆರೊದ ಹಿಂದಿನ ಬಂಪರಿಗೆ ಒಂದು ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿ ಕೊಂಡಿ ಸಿಕ್ಕಿಸಿದೆ. ಅರ್ಧ ದಿನದ ಕೆಲಸ. ಊರಿನವರೆಲ್ಲ ಶಭಾಷ್ ಅಂದರು.

ಒಂಬತ್ತನೇ ದಿನ ಹಳ್ಳದ ಏರು ಹತ್ತುವಾಗ ಟಪ್ ಅಂತ ಸದ್ದಾಯ್ತು. ಕನ್ನಡಿಯಲ್ಲಿ ನೋಡಿದರೆ ಬಂಪರ್ ಸಮೇತ ಟ್ರೈಲರ್ ಹಿಂದಕ್ಕೆ ಹೋಗ್ತಾ ಇದೆ. ಹಿಂದೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದವನು ನನ್ನ ಮಗ. ಸೈಕಲ್ ಬಿಟ್ಟು ಪಕ್ಕಕ್ಕೆ ಹಾರಿದ. ಸೈಕಲ್ ಹಪ್ಪಳ ಆಯ್ತು. ಟ್ರೈಲರ್ ಜಾಲಿ ಮೆಳೆಗೆ ಹೋಗಿ ನಿಂತಿತು. ಅವತ್ತು ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ವೆಲ್ಡಿಂಗ್ ಬಿಟ್ಟಿರಲಿಲ್ಲ, ಕೊಂಡಿಯೂ ಮುರಿದಿರಲಿಲ್ಲ. ಬಂಪರ್ ಹಿಡಿದಿದ್ದ ತೆಳು ತಗಡಿನ ಬ್ರಾಕೆಟ್ಟೇ ಹರಿದಿತ್ತು. ಹಾಗೆ ಮಾಡು ಅಂತ ಹೇಳಿದವನು ನಾನೇ, ತಪ್ಪು ನಂದೇ.

ಆಮೇಲೆ ತಿಳಿದವರನ್ನು ಕೇಳಿ, ಗಾಡಿಯ ಕೆಳಗೆ ಮಲಗಿ ನೋಡಿ, ಎರಡನೇ ಸಲ ಸರಿಯಾಗಿ ಮಾಡಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲಿಗೆ ಕಟ್ಟಬೇಕು?

ಗಾಡಿಯ ಭಾರ ಎಲ್ಲ ಹೊರುವುದು ಚಾಸಿ. ಜೀಪು, ಬೊಲೆರೊದಂಥ ಗಾಡಿಗಳ ಕೆಳಗೆ ಉದ್ದಕ್ಕೂ ಎರಡು ದಪ್ಪ ಕಬ್ಬಿಣದ ತೊಲೆ ಕಾಣುತ್ತವೆ. ಕೊಂಡಿಯ ಎಳೆತ ಆ ಎರಡೂ ತೊಲೆಗೆ ಸಮನಾಗಿ ಹೋಗಬೇಕು. ಬಂಪರ್ ಇರುವುದು ಗುದ್ದು ತಿನ್ನೋಕೆ, ಎಳೆಯೋಕಲ್ಲ. ಸಣ್ಣ ಕಾರುಗಳಲ್ಲಿ ಈ ಥರ ಬೇರೆ ಚಾಸಿ ಇರೋದಿಲ್ಲ, ಬಾಡಿಯೇ ಚಾಸಿ. ಅಂಥ ಗಾಡಿಗೆ ಮನೆಯಲ್ಲಿ ಈ ಕೆಲಸ ಮಾಡಲೇಬೇಡಿ.

ಮಾಡುವ ಕ್ರಮ

ಗಾಡಿಯನ್ನು ಮಟ್ಟಸ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಸೈಲೆನ್ಸರ್ ಆರಲಿ. ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರು ಎಲ್ಲೆಲ್ಲಿವೆ ಅಂತ ಮೊದಲು ನೋಡಿಕೊಳ್ಳಿ. ಆಮೇಲೆ ರಟ್ಟು ಕತ್ತರಿಸಿ ಅಳತೆ ತೆಗೆಯಿರಿ. ರಟ್ಟು ತಪ್ಪಿದರೆ ನಷ್ಟ ಇಲ್ಲ.

ನಾನು ಹಾಕಿದ್ದು 50 ಮಿ.ಮೀ. ಚೌಕದ, 5 ಮಿ.ಮೀ. ದಪ್ಪದ ಅಡ್ಡ ಪೈಪು. ಎರಡು ತುದಿಗೆ 8 ಮಿ.ಮೀ. ಪ್ಲೇಟು. ಇವನ್ನು ನೆಲದ ಮೇಲಿಟ್ಟು ವೆಲ್ಡ್ ಮಾಡಿಸಿ, ಆಮೇಲೆ ಚಾಸಿಗೆ ಬೋಲ್ಟಿನಿಂದ ಕೂರಿಸಿದೆ. ಚಾಸಿಗೇ ವೆಲ್ಡ್ ಮಾಡಿಸಬೇಡಿ. ಬಿಸಿಗೆ ಕಬ್ಬಿಣದ ಕಸುವು ಹೋಗಿ ಮುಂದೆ ಅಲ್ಲೇ ಬಿರುಕು ಬಿಡುತ್ತದೆ.

ಚಾಸಿಯಲ್ಲಿ ಕಂಪೆನಿಯೇ ಕೊರೆದ ತೂತು ಇದ್ದರೆ ಅದನ್ನೇ ಬಳಸಿ. ಹೊಸದಾಗಿ ಕೊರೆಯಲೇಬೇಕಾದರೆ ನಿಂತ ಬದಿಯ ನಡುವೆ ಕೊರೆಯಿರಿ, ಮೇಲಿನ ಕೆಳಗಿನ ಅಂಚಿಗೆ ಕೈ ಹಾಕಬೇಡಿ. ಬಾಗುವ ಒತ್ತಡ ಹೆಚ್ಚು ಬೀಳುವುದು ಆ ಅಂಚುಗಳ ಮೇಲೆ. ಮೊದಲು 5 ಮಿ.ಮೀ., ಆಮೇಲೆ 8, ಕೊನೆಗೆ ಬೋಲ್ಟಿನ ಅಳತೆ. ಕೊರೆದ ತೂತಿಗೆ ರೆಡ್ ಆಕ್ಸೈಡ್ ಬಳಿಯದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಚಾಸಿ ಡಬ್ಬಿಯ ಹಾಗೆ ನಾಲ್ಕೂ ಕಡೆ ಮುಚ್ಚಿದ್ದರೆ ಬಿಗಿದಾಗ ನುಗ್ಗಾಗುತ್ತೆ. ಒಳಗೆ ಪೈಪಿನ ತುಂಡು ಕೊಟ್ಟು ಬಿಗಿಯಬೇಕು.

ಕಬ್ಬಿಣ ಗುಜರಿಯದಾದರೂ ಬೋಲ್ಟು ಮಾತ್ರ ಹೊಸದು ತನ್ನಿ. ತಲೆ ಮೇಲೆ 8.8 ಅಂತ ಅಚ್ಚಾಗಿರಬೇಕು. ನಾನು ಹಾಕಿದ್ದು ಒಂದೊಂದು ಕಡೆಗೆ 12 ಮಿ.ಮೀ.ನ ಮೂರು. ಒಂದಡಿ ಸ್ಪ್ಯಾನರಿನ ತುದಿಗೆ ಸುಮಾರು 25 ಕೆಜಿ ಎಳೆತ ಕೊಟ್ಟರೆ ಬಿಗಿ ಸಾಕು. ಪೈಪು ಸಿಕ್ಕಿಸಿ ಜಗ್ಗಿದರೆ ಬೋಲ್ಟೇ ಎಳೆದುಹೋಗುತ್ತೆ. ನೈಲಾನ್ ಉಂಗುರದ ಲಾಕ್‌ನಟ್ಟು ಹಾಕಿ. ಮೊದಲ ಹೇರು ಎಳೆದ ಮೇಲೆ ಒಂದು ಸಲ, 50 ಕಿ.ಮೀ. ಓಡಿದ ಮೇಲೆ ಇನ್ನೊಂದು ಸಲ ಬಿಗಿ ನೋಡಿ.

ಕೊಂಡಿಯ ಎತ್ತರ ಟ್ರೈಲರ್ ಮಟ್ಟವಾಗಿ ನಿಲ್ಲುವಷ್ಟಿರಲಿ. ನನ್ನದು ಗೂಟ ಹಾಕುವ ಕೊಂಡಿ. ಗೂಟಕ್ಕೆ ಕೆಳಗಡೆ ಪಿನ್ನು ತಪ್ಪಬಾರದು. ಹೊಲದ ಏರುತಗ್ಗಿನಲ್ಲಿ ಬಳೆ ಮೇಲೆ ಕೆಳಗೆ, ಅಕ್ಕಪಕ್ಕ ಆಡಬೇಕು. ಬಿಗಿಯಾದರೆ ಮುರಿಯುತ್ತೆ. ಗುಂಡಿನ ಕೊಂಡಿ ತರುವವರು ಗುಂಡು, ಬಟ್ಟಲು ಎರಡೂ ಒಂದೇ ಅಳತೆಯವೇ ಅಂತ ನೋಡಿ ತನ್ನಿ.

ಎರಡು ಸರಪಳಿ ಮರೆಯಬೇಡಿ. ಕೊಂಡಿಯ ಕೆಳಗೆ ಕತ್ತರಿಯ ಹಾಗೆ ಅಡ್ಡಡ್ಡ ಹಾದು ಹೋಗಲಿ. ಕೊಂಡಿ ಕಳಚಿದರೂ ಟ್ರೈಲರ್ ಮೂತಿ ನೆಲಕ್ಕೆ ಕುತ್ತದೆ ಸರಪಳಿ ಮೇಲೆ ಕೂರುತ್ತೆ. ಸರಪಳಿಯನ್ನೂ ಅಡ್ಡ ಪೈಪಿಗೇ ಕಟ್ಟಬೇಕು, ಬಂಪರಿಗಲ್ಲ. ಅವತ್ತು ಚಾಸಿಗೆ ಕಟ್ಟಿದ ಸರಪಳಿ ಇದ್ದಿದ್ದರೆ ಮಗ ಹಾರಬೇಕಾಗಿರಲಿಲ್ಲ.

ಮುಂಭಾರ, ಹಿಂಭಾರ

ಎತ್ತಿನಗಾಡಿ ಹೂಡಿದವರಿಗೆ ಇದು ಗೊತ್ತು. ಹಿಂಭಾರ ಆದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತೆ. ಮುಂಭಾರ ಜಾಸ್ತಿ ಆದರೆ ಹೆಗಲು ಕುಸಿಯುತ್ತೆ. ಇಷ್ಟು ತಿಳಿದ ನಾನೇ ಟ್ಯಾಂಕನ್ನು ಆಕ್ಸಲ್ಲಿಗಿಂತ ಹಿಂದೆ ಇಟ್ಟಿದ್ದೆ. ಅದು ಬಂಪರನ್ನು ದಿನವೂ ಮೇಲಕ್ಕೆ ಮೀಟಿ ಮೀಟಿ ಸಡಿಲ ಮಾಡಿತ್ತು. ಹಿಂದಿನ ಚಕ್ರಗಳು ಹಗುರಾಗಿ ಏರಿನಲ್ಲಿ ಜಾರುತ್ತಿದ್ದವು. ಮಟ್ಟಸ ರಸ್ತೆಯಲ್ಲಿ ವೇಗ ಹೋದರೆ ಹಿಂಭಾರದ ಟ್ರೈಲರ್ ಬಾಲ ಬೀಸೋಕೂ ಶುರು ಮಾಡುತ್ತೆ.

ಒಟ್ಟು ತೂಕದ ಹತ್ತಕ್ಕೊಂದು ಪಾಲು ಕೊಂಡಿಯ ಮೇಲೆ ಕೂರಬೇಕು. ಈಗ ನಾನು 200 ಲೀಟರಿನ ಎರಡು ಡ್ರಮ್ಮು ಹೇರುತ್ತೇನೆ. ನೀರು 400 ಕೆಜಿ, ಟ್ರೈಲರು ಡ್ರಮ್ಮು ಸೇರಿ 200, ಒಟ್ಟು 600. ಕೊಂಡಿಗೆ 60 ಕೆಜಿ ಬರಬೇಕು. ಶೇಂಗಾ ಚೀಲ ತೂಗುವ ತಕ್ಕಡಿ ಮೇಲೆ ಮರದ ತುಂಡಿಟ್ಟು, ಟ್ರೈಲರ್ ಮೂತಿಯನ್ನು ಮಟ್ಟವಾಗಿ ಕೂರಿಸಿದೆ. 60 ತೋರಿಸುವ ತನಕ ಡ್ರಮ್ಮು ಹಿಂದೆ ಮುಂದೆ ಸರಿಸಿ, ಅಲ್ಲೇ ಬಣ್ಣದ ಗುರುತು ಹಾಕಿದೆ. ಡ್ರಮ್ಮು ಯಾವಾಗಲೂ ಪೂರ್ತಿ ತುಂಬಿ. ಅರ್ಧ ತುಂಬಿದ ನೀರು ಕುಲುಕಿ ಗಾಡಿಯನ್ನೇ ಎಳೆದಾಡುತ್ತೆ.

ಟ್ರೈಲರಿಗೆ ಬ್ರೇಕ್ ಇಲ್ಲ. ಆದ್ದರಿಂದ ಗಾಡಿಯ ಅರ್ಧ ತೂಕಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಇಳಿಜಾರಿಗೆ ಮೊದಲೇ ಸಣ್ಣ ಗೇರಿಗೆ ಹಾಕುತ್ತೇನೆ. ಟ್ರೈಲರ್ ಮೇಲೆ ಜನರನ್ನು ಕೂರಿಸುವುದಿಲ್ಲ.

ಕೊನೇ ಮಾತು

ಕಾನೂನಿನ ಪ್ರಕಾರ ಟ್ರೈಲರೂ ಒಂದು ವಾಹನವೇ, ಅದಕ್ಕೂ ನೋಂದಣಿ ಬೇಕು. ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆ ಹಾಕುತ್ತದೆ. ನನ್ನದು ಹೊಲದ ದಾರಿ ಬಿಟ್ಟು ಆಚೆ ಹೋಗುವುದಿಲ್ಲ. ಟಾರು ರಸ್ತೆಗೆ ಇಳಿಸುವವರು ಆರ್‌ಟಿಒ ಕಚೇರಿಯಲ್ಲಿ ಕೇಳಿಯೇ ಕಬ್ಬಿಣ ಕೊಳ್ಳಿ. ಹಿಂದೆ ದೀಪ, ಬ್ರೇಕ್ ಲೈಟು, ಕೆಂಪು ರಿಫ್ಲೆಕ್ಟರು ಇರಲೇಬೇಕು.

ಆ ಹುಣಸೆ ಸಸಿಗಳಲ್ಲಿ ಹೆಚ್ಚಿನವು ಈಗ ನನಗಿಂತ ಎತ್ತರ ಇವೆ. ನಜ್ಜುಗುಜ್ಜಾದ ಸೈಕಲ್ ಇನ್ನೂ ಹಟ್ಟಿಯ ಗೋಡೆಗೆ ಒರಗಿದೆ. ಮಾರೋಕೆ ಮನಸ್ಸಾಗಿಲ್ಲ. ಹೊಸ ಗೂಟ ಹಾಕುವಾಗಲೆಲ್ಲ ಒಂದು ಸಲ ಅದರ ಕಡೆ ನೋಡುತ್ತೇನೆ. ಇದಕ್ಕಿಂತ ಒಳ್ಳೆಯ ಕೊಂಡಿ ಮಾಡಿಕೊಂಡವರು ಇದ್ದರೆ ದಯಮಾಡಿ ಬರೆಯಿರಿ. ಕೆಟ್ಟದ್ದನ್ನೂ ಬರೆಯಿರಿ, ಅದರಿಂದಲೇ ಹೆಚ್ಚು ಕಲಿಯುವುದು.